ಪದ್ಮನ ಪ್ಲಾನಿನಲ್ಲಿ ಅತ್ತೆಯ ಹಾಡು

ಮೊನ್ನೆ ಸೀರೆಗೆ ಪಿನ್ನು ಹುಡುಕುವಾಗ ಕೈಗೆ ಬಂದದ್ದು ಒಂದು ಕ್ಯಾಸೆಟ್ಟಿನ ಡಬ್ಬಿ. ಕ್ಯಾಸೆಟ್ಟು ಯಾವ ಕಾಲದಲ್ಲೋ ಬೂಷ್ಟು ಹಿಡಿದು ಹೋಯಿತು, ಡಬ್ಬಿ ಉಳಿದಿದೆ. ನಮ್ಮ ಮನೆಯಲ್ಲಿ ಯಾವ ಡಬ್ಬಿಯೂ ತನ್ನ ಮೈಮೇಲೆ ಬರೆದಿರುವ ಕೆಲಸ ಮಾಡುವುದಿಲ್ಲ. ಬಿಸ್ಕತ್ತಿನ ಡಬ್ಬಿ ತೆರೆದರೆ ಸೂಜಿದಾರ, ಐಸ್‌ಕ್ರೀಮಿನ ಡಬ್ಬಿ ತೆರೆದರೆ ಹುಣಸೆಹಣ್ಣು. ಹಾಗಾಗಿ ಕ್ಯಾಸೆಟ್ಟಿನ ಡಬ್ಬಿಯಲ್ಲಿ ಪಿನ್ನು ಇದ್ದದ್ದು ಹೆಚ್ಚಲ್ಲ. ಆದರೆ ಒಳಗಿನ ಕಾಗದದ ಮೇಲೆ ನನ್ನದೇ ಗುಂಡನೆಯ ಅಕ್ಷರದಲ್ಲಿ ‘ಎ: ಭಕ್ತಿ. ಬಿ: ಅತ್ತೆ’ ಎಂದು ಬರೆದಿತ್ತು. ಅದನ್ನು ಓದಿ ಪಿನ್ನು ಮರೆತು ಮಂಚದ ಮೇಲೆ ಕೂತೆ. ಹಳೆಯ ನೆನಪು ಉಕ್ಕಿ ಕೂತಳೆಂದು ನೀವು ಅಂದುಕೊಂಡರೆ ಅದು ನಿಮ್ಮ ಒಳ್ಳೆಯತನ. ಉಕ್ಕಿದ್ದು ಹೊಟ್ಟೆಕಿಚ್ಚು.

ಯಾರ ಮೇಲೆ ಎಂದರೆ ಪದ್ಮನ ಮೇಲೆ. ಪದ್ಮ ನನ್ನ ಓರಗಿತ್ತಿ, ನಮ್ಮ ಯಜಮಾನರ ತಮ್ಮನ ಹೆಂಡತಿ. ಬಂಗಾರಪೇಟೆಯಲ್ಲಿ ಅವರದು ಹಿಟ್ಟಿನ ಗಿರಣಿ, ಗಿರಣಿಯ ಹಿಂದೆಯೇ ಮನೆ. ನಾವಿರುವುದು ಕೆಜಿಎಫ್‌ನಲ್ಲಿ, ಯಜಮಾನರ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಪದ್ಮ ಕೆಟ್ಟವಳಲ್ಲ. ಅದೇ ತೊಂದರೆ. ಕೆಟ್ಟವಳಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ನ್ಯಾಯವೆಂದು ಹೆಸರಿಟ್ಟು ನೆಮ್ಮದಿಯಾಗಿ ಇರಬಹುದಿತ್ತು.

ನಾನು ಶಿರಾ ಕಡೆಯವಳು. ಮದುವೆಯಾಗಿ ಬಂದಾಗ ನಮ್ಮವರೆಲ್ಲ ಚಾಂಪಿಯನ್ ರೀಫ್ಸ್ ಗಣಿಯ ಲೈನ್ ಮನೆಯಲ್ಲಿದ್ದರು. ಮಾವ ಗಣಿಗೆ ಇಳಿಯುತ್ತಿದ್ದರು. ಬೇರೆ ಸೊಸೆಯರು ತವರಿನಿಂದ ಪಾತ್ರೆ ಪಡಗ ತಂದರೆ ನಾನು ಒಂದು ಟೇಪ್ ರೆಕಾರ್ಡರ್ ತಂದೆ. ಅಡುಗೆಮನೆಯಲ್ಲಿ ಅದಕ್ಕೆ ಜಾಗವೇ ಇಲ್ಲದೆ ಅತ್ತೆ ಅಕ್ಕಿಯ ಡಬ್ಬದ ಮೇಲೆ ಇಡಿಸಿದರು. ಅಕ್ಕಿ ತೆಗೆಯಬೇಕಾದಾಗೆಲ್ಲ ಹಾಡು ನಿಲ್ಲುತ್ತಿತ್ತು. ಎರಡು ಮನೆಗೂ ಒಂದೇ ಗೋಡೆಯಾದ್ದರಿಂದ ಪಕ್ಕದವರ ತಮಿಳು ಹಾಡು ನಮ್ಮಲ್ಲಿಗೆ, ನಮ್ಮ ಕನ್ನಡ ಹಾಡು ಅವರಲ್ಲಿಗೆ ಹೋಗಿ ಬಂದು ಮಾಡುತ್ತಿದ್ದವು. ಕಡಿಮೆ ಮಾಡಿ ಎಂದು ಯಾರೂ ಗೋಡೆ ಬಡಿದದ್ದಿಲ್ಲ. ಜಾಸ್ತಿ ಮಾಡಿ ಎಂದು ಬಡಿದದ್ದುಂಟು.

ಹೀಗೆ ನಾನು ಆ ಮನೆಗೆ ಹಾಡಿನವಳಾದೆ. ಹಸೆಗೆ ಕೂರಿಸುವಾಗ ಯಾವುದು, ಆರತಿಗೆ ಯಾವುದು, ತೊಟ್ಟಿಲಿಗೆ ಯಾವುದು, ಎಲ್ಲ ನನ್ನ ಸುಪರ್ದಿ. ಸಮಾರಂಭದಲ್ಲಿ ಒಂದು ಹಾಡು ಮುಗಿದ ಕೂಡಲೇ ಹೆಂಗಸರೆಲ್ಲ ನನ್ನ ಕಡೆ ತಿರುಗಿ ನೋಡುತ್ತಾರಲ್ಲ, ಆ ಒಂದು ನೋಟಕ್ಕೆ ನಾನು ಎಷ್ಟೋ ಸೀರೆಗಳ ಆಸೆ ಬಿಟ್ಟಿದ್ದೇನೆ.

ಬಿ ಬದಿಯ ಅತ್ತೆಯ ವಿಷಯ ಹೇಳಿಬಿಡುತ್ತೇನೆ. ನನ್ನ ಮಗ ಹುಟ್ಟಿದಾಗ ಅತ್ತೆ ತೊಟ್ಟಿಲು ತೂಗುತ್ತಾ ಒಂದು ಪದ ಹೇಳುತ್ತಿದ್ದರು. ಯಾರು ಕಟ್ಟಿದ್ದೋ ಅವರಿಗೂ ಗೊತ್ತಿರಲಿಲ್ಲ. ಅರ್ಧ ಕನ್ನಡ, ಕಾಲು ತೆಲುಗು, ಉಳಿದದ್ದು ಬರೀ ಹೂಂಗುಟ್ಟುವುದು. ‘ನಿದ್ದೆ ಮೊದ್ಲೋ ನಿಮ್ಮಪ್ಪ ಮೊದ್ಲೋ, ಬಾಗ್ಲು ತಟ್ಟೋರ್ಯಾರೋ ಕಂದಯ್ಯ’ ಎಂದು ಒಂದು ಸಾಲು ಬರುತ್ತದೆ. ಒಂದು ಮಧ್ಯಾಹ್ನ ಭಕ್ತಿಗೀತೆಯ ಕ್ಯಾಸೆಟ್ಟನ್ನು ತಿರುವಿ ಹಾಕಿ ಅದನ್ನು ರೆಕಾರ್ಡು ಮಾಡಿಕೊಂಡೆ. ಸರಿಯಾಗಿ ಆ ಸಾಲು ಮುಗಿಯುವಾಗ ಪಾಳಿ ಬಿಡುವ ಸೈರನ್ನು ಕೂಗಿತು. ಲೈನಿನವರು ಅದಕ್ಕೆ ಸಂಗು ಅನ್ನುತ್ತಿದ್ದರು. ಸಂಗು ಕೂಗಿದರೆ ಅಲ್ಲಿನ ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು; ಸೌಟು ಸಾರಿನಲ್ಲಿ, ಕೈ ಸೌಟಿನ ಮೇಲೆ. ಗಂಡಸರು ಕೆಳಗಿನಿಂದ ಮೇಲೆ ಬರುತ್ತಿದ್ದಾರೆ ಎಂದು ಅರ್ಥ. ಅತ್ತೆಯೂ ಹಾಡು ನಿಲ್ಲಿಸಿದರು. ನಾನು ಟೇಪು ನಿಲ್ಲಿಸಲಿಲ್ಲ. ಸಂಗು ಮುಗಿಯಿತು, ದೂರದಲ್ಲಿ ಒಂದು ನಾಯಿ ಊಳಿಟ್ಟಿತು, ಸ್ವಲ್ಪ ಮೌನ. ಆಮೇಲೆ ಅತ್ತೆ ಶ್ರುತಿ ಒಂದಿಷ್ಟೂ ಇಳಿಸದೆ ಮುಂದಿನ ಸಾಲು ಎತ್ತಿಕೊಂಡರು.

ಅಂದಿನಿಂದ ನಮ್ಮ ಮನೆಯ ಯಾವ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಆ ಹಾಡೇ ಆಗಬೇಕು, ಆ ಟೇಪೇ ಆಗಬೇಕು. ಎಲ್ಲರೂ ಅದರ ಜೊತೆಗೇ ಹಾಡಿ ಕಲಿತವರು, ಹಾಗಾಗಿ ಆ ಸಾಲಿಗೆ ಬಂದಾಗ ಎಲ್ಲರೂ ಬಾಯಿ ಮುಚ್ಚಿ ನಿಲ್ಲುತ್ತೇವೆ. ಟೇಪಿಲ್ಲದೆ ಹಾಡಿದರೂ ನಿಲ್ಲುತ್ತೇವೆ. ಹೊಸದಾಗಿ ಬಂದ ಸೊಸೆಯರು ಇವರೆಲ್ಲ ಒಟ್ಟಿಗೇ ಪದ ಮರೆತರೆಂದು ಗಾಬರಿಯಾಗುತ್ತಾರೆ.

ಪದ್ಮ ಸೊಸೆಯಾಗಿ ಬರುವ ಹೊತ್ತಿಗೆ ಗಣಿ ಕಣ್ಣು ಮುಚ್ಚುತ್ತಿತ್ತು. ಮಾವ ಕೈಗೆ ಬಂದದ್ದರಲ್ಲಿ ಚಿಕ್ಕ ಮಗನಿಗೆ ಬಂಗಾರಪೇಟೆಯಲ್ಲಿ ಗಿರಣಿ ಹಾಕಿಸಿಕೊಟ್ಟು, ಹೆಚ್ಚು ದಿನ ಇರದೆ ಹೊರಟುಹೋದರು. ನಮಗೆ ಕ್ವಾರ್ಟರ್ಸ್ ಸಿಕ್ಕಿತು. ಒಲೆ ಎರಡಾಯಿತು. ಒರಳು ನನಗೆ, ಹಂಡೆ ಪದ್ಮನಿಗೆ, ಹೀಗೆ ಪಾಲಾಗುತ್ತಾ ಬಂತು. ಅತ್ತೆಯನ್ನು ಯಾರೂ ಪಾಲು ಹಾಕಲಿಲ್ಲ. ಅವರೇ ಎದ್ದು ಪದ್ಮನ ಹಿಂದೆ ಹೋದರು. ಯಾಕತ್ತೆ ಎಂದು ಕೇಳಿದ್ದಕ್ಕೆ, ‘ಗಿರಣಿ ಸದ್ದಿದ್ರೆ ನಂಗೆ ನಿದ್ದೆ ಬತ್ತದೆ’ ಅಂದರು. ಅದು ನಿಜವೇ ಇರಬಹುದು. ಜೀವಮಾನವೆಲ್ಲ ಗಣಿಯ ಯಂತ್ರದ ಸದ್ದಿನಲ್ಲಿ ಮಲಗಿದವರು. ಆದರೆ ನಿಜವೆಂದು ಗೊತ್ತಾದ ಮಾತ್ರಕ್ಕೆ ಹೊಟ್ಟೆ ಉರಿಯುವುದು ನಿಲ್ಲುತ್ತದೆಯೇ ನೀವೇ ಹೇಳಿ. ಗಿರಣಿ ಹಾಕಿಸೋಣವೇ ಎಂದು ಯಜಮಾನರನ್ನು ಕೇಳಿದ್ದೆ. ಕ್ವಾರ್ಟರ್ಸಿನಲ್ಲಿ ಬಿಡುವುದಿಲ್ಲ ಅಂದರು.

ಹೀಗಾಗಿ ಅವಳಿಗೆ ಅತ್ತೆ, ನನಗೆ ಅತ್ತೆಯ ದನಿ. ನನ್ನ ಪಾಲನ್ನು ನಾನು ಯಾರಿಗೂ ಕೊಡುತ್ತಿರಲಿಲ್ಲ. ನಾಮಕರಣಗಳಿಗೆ ಒಯ್ದು ಕೇಳಿಸಿ ಮತ್ತೆ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದೆ, ಒಡವೆಯ ಹಾಗೆ. ಒಂದು ಸಲ ಪದ್ಮ ಕೇಳಿದಾಗ, ಅದು ನಿನ್ನ ಫೋನಿಗೆ ಹಿಡಿಸುವುದಿಲ್ಲ ಎಂದಿದ್ದೆ. ಅವಳು ನಂಬಿದಳು. ಅಷ್ಟು ಬೇಗ ನಂಬಿದ್ದಕ್ಕೂ ಅವಳ ಮೇಲೆ ಸಿಟ್ಟು ಬಂತು.

ಕ್ಯಾಸೆಟ್ಟು ಹೋಗಿ ಮೆಮೊರಿ ಕಾರ್ಡು ಬಂತು. ಬಂಗಾರಪೇಟೆಯ ಸ್ಟೇಷನ್ ಹತ್ತಿರದ ಒಂದು ಮೊಬೈಲ್ ಅಂಗಡಿಯಲ್ಲಿ ಉಗುರಿನಷ್ಟು ಕಾರ್ಡು ಕೊಟ್ಟರೆ ಹಾಡು ತುಂಬಿಸಿಕೊಡುತ್ತಿದ್ದರು. ಭಕ್ತಿಯಾ, ಹಳೇದಾ, ಮಿಕ್ಸಾ ಎಂದು ಕೇಳುತ್ತಿದ್ದರು. ಮಿಕ್ಸ್ ಎಂದರೆ ನಮ್ಮ ಕಡೆ ಕನ್ನಡ, ತಮಿಳು, ತೆಲುಗು ಮೂರೂ. ಪ್ರತಿ ಹಾಡಿನ ಮೊದಲಿಗೂ ಅಂಗಡಿಯವನ ದನಿಯಲ್ಲಿ ಅಂಗಡಿಯ ಹೆಸರು ಬರುತ್ತಿತ್ತು, ದೇವರ ಹಾಡಿಗೂ ಬರುತ್ತಿತ್ತು. ಕೇಳಿ ಕೇಳಿ ನಮ್ಮ ಪಕ್ಕದ ಕ್ವಾರ್ಟರ್ಸಿನ ಮಗು ಶಾಲೆಯಲ್ಲಿ ಪ್ರಾರ್ಥನೆ ಹೇಳು ಎಂದಾಗ ಅಂಗಡಿಯ ಹೆಸರಿನಿಂದಲೇ ಶುರು ಮಾಡಿತಂತೆ. ಅತ್ತೆಯ ಟೇಪನ್ನೂ ಅಲ್ಲಿಯೇ ಕಾರ್ಡಿಗೆ ಇಳಿಸಿದ್ದು. ಮಧ್ಯೆ ಸೈರನ್ ಇದೆ ಆಂಟಿ, ಕತ್ತರಿಸಿಬಿಡಲಾ ಎಂದು ಅಂಗಡಿಯವನು ಕೇಳಿದ. ಮೂಗು ಕತ್ತರಿಸಲಾ ಎಂದು ಕೇಳಿದ ಹಾಗಾಯಿತು. ಬೇಡಪ್ಪಾ ಎಂದೆ.

ಇದಕ್ಕೆಲ್ಲ ನಮ್ಮಲ್ಲಿ ‘ಡೌನ್‌ಲೋಡ್ ಮಾಡಿಸುವುದು’ ಎನ್ನುತ್ತಿದ್ದೆವು. ಡೌನ್‌ಲೋಡ್ ಮಾಡಿಸಿದರೆ ಮುಗಿಯಿತು, ಅದು ನಮ್ಮದು. ಯಾರ ಹಂಗೂ ಇಲ್ಲ. ಈ ಒಂದು ಪದದ ಅರ್ಥ ನನ್ನ ಕಣ್ಣೆದುರಿಗೇ ಬದಲಾಗಿಹೋಯಿತು, ನನಗೆ ಯಾರೂ ಹೇಳಲಿಲ್ಲ.

ಹೋದ ವರ್ಷ ಗೌರಿ ಹಬ್ಬದ ಬಾಗಿನಕ್ಕೆಂದು ಬಂಗಾರಪೇಟೆಗೆ ಹೋದಾಗ ನನ್ನ ಕೈಯಲ್ಲಿ ಹೊಸ ಫೋನಿತ್ತು. ಹಳೆಯದು ಎಕ್ಸ್‌ಚೇಂಜಿಗೆ ಹೋಗಿತ್ತು, ಕಾರ್ಡು ಅದರ ಹೊಟ್ಟೆಯಲ್ಲೇ ಹೋಗಿತ್ತು. ಹೋಗುವ ಮೊದಲು ಹಾಡುಗಳನ್ನೆಲ್ಲ ಹೊಸ ಫೋನಿಗೆ ದಾಟಿಸಿಕೊಂಡಿದ್ದೆ, ಅಷ್ಟು ಬುದ್ಧಿ ನನಗಿದೆ. ಪದ್ಮನ ಮಗಳು ರಮ್ಯಾ ಮದುವೆಯಾಗಿ ಕೋಲಾರದಲ್ಲಿದ್ದಾಳೆ, ಹಬ್ಬಕ್ಕೆ ಬಂದಿದ್ದಳು. ನನ್ನ ಫೋನು ನೋಡಿ, ‘ದೊಡ್ಡಮ್ಮ, ಹಾಡಿಂದು ಒಂದು ಫ್ಯಾಮಿಲಿ ಪ್ಲಾನ್ ತಗೊಂಡಿದೀನಿ, ಆರು ಜನ ಸೇರಬಹುದು, ನಿಮ್ಮನ್ನೂ ಸೇರಿಸ್ತೀನಿ’ ಎಂದಳು. ಲೋಕದಲ್ಲಿರುವ ಹಾಡೆಲ್ಲ ಅದರಲ್ಲಿದೆಯಂತೆ. ನನ್ನ ಸ್ವಂತ ಹಾಡುಗಳೂ ಅದರೊಳಕ್ಕೇ ಹೋಗಿ ಒಂದೇ ಕಡೆ ಇರುತ್ತವಂತೆ. ಆಗಲಿ ಎಂದೆ. ಅವಳು ಏನೇನೋ ಒತ್ತಿದಳು. ಸ್ವಲ್ಪ ಹೊತ್ತಿನ ಮೇಲೆ ಪರದೆಯ ಮೇಲೆ ಬಂತು: ಕುಟುಂಬದ ಮುಖ್ಯಸ್ಥರು, ಪದ್ಮ. ಅದರ ಕೆಳಗೆ ಸದಸ್ಯರ ಸಾಲಿನಲ್ಲಿ ನಾನು. ಅಮ್ಮನ ಬ್ಯಾಂಕಿನಿಂದ ದುಡ್ಡು ಹೋಗುತ್ತದೆ ದೊಡ್ಡಮ್ಮ, ಅದಕ್ಕೇ ಅವಳ ಹೆಸರು ಎಂದು ರಮ್ಯಾ ಸಮಾಧಾನ ಹೇಳಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಮಾಡಿದ ಹಿರಿಯರು ಓರಗಿತ್ತಿಗೂ ಒಂದು ಕಾಲ ಬರುತ್ತದೆಂದು ಎಚ್ಚರಿಸಲಿಲ್ಲ. ಒಲೆ ಬೇರೆಯಾಗಿ ಇಷ್ಟು ವರ್ಷಗಳ ಮೇಲೆ ಹಾಡಿನಲ್ಲಿ ನಾವು ಮತ್ತೆ ಅವಿಭಕ್ತರಾಗಿದ್ದೆವು, ಕಿರಿಯ ಸೊಸೆಯ ಯಜಮಾನಿಕೆಯಲ್ಲಿ.

ಹಾಡು ಚೆನ್ನಾಗಿಯೇ ಕೇಳುತ್ತಿತ್ತು, ಅದೂ ಒಂದು ಉರಿ. ಪ್ಲಾನಿನವರು ನನ್ನ ಹಳೆಯ ಹಾಡುಗಳನ್ನು ಒಳಗೆ ತೆಗೆದುಕೊಂಡು, ತಮ್ಮ ಉಗ್ರಾಣದಲ್ಲಿ ಅದೇ ಹಾಡು ಇದ್ದರೆ ತಮ್ಮದನ್ನೇ ಕೊಡುತ್ತಾರೆ. ಗಿರಣಿಗೆ ನಮ್ಮ ರಾಗಿ ಕೊಟ್ಟು ಇನ್ನೊಬ್ಬರ ರಾಗಿಯ ಹಿಟ್ಟು ತಂದ ಹಾಗೆ. ಹಿಟ್ಟು ನುಣ್ಣಗಿರುತ್ತದೆ, ನಮ್ಮದಲ್ಲ. ನನ್ನ ದೇವರ ಹಾಡುಗಳಿಂದ ಅಂಗಡಿಯವನ ದನಿ ಮಾಯವಾಗಿತ್ತು. ಮೊದಲ ದಿನ ಬೆಳಿಗ್ಗೆ ಒಗ್ಗರಣೆ ಹಾಕುತ್ತಾ, ಅವನ ದನಿ ಬರುವಷ್ಟು ಹೊತ್ತು ಕಾದು ಆಮೇಲೆ ಸಾಸಿವೆ ಹಾಕಿದೆ. ಎಣ್ಣೆ ಹೊತ್ತಿಹೋಗಿತ್ತು. ಅತ್ತೆಯ ಹಾಡು ಮಾತ್ರ ಅವರಲ್ಲಿ ಇರಲಿಲ್ಲ, ಎಲ್ಲಿಂದ ಬರಬೇಕು? ಅದನ್ನು ಹಾಗೆಯೇ, ಸಂಗು ನಾಯಿಗಳ ಸಮೇತ, ಎತ್ತಿಟ್ಟುಕೊಂಡಿದ್ದರು.

ಸ್ವಲ್ಪ ದಿನಕ್ಕೆ ಫೋನಿನಲ್ಲಿ ಜಾಗವಿಲ್ಲ ಎಂದು ಬಂತು. ಈ ಹಾಡುಗಳು ಈಗಾಗಲೇ ಪ್ಲಾನಿನಲ್ಲಿ ಭದ್ರವಾಗಿವೆ, ಇಲ್ಲಿಂದ ತೆಗೆಯಬಹುದು ಎಂದು ಅದೇ ಸಲಹೆ ಕೊಟ್ಟಿತು. ನಾನು ಮನೆ ಅಚ್ಚುಕಟ್ಟಾಗಿಡುವವಳು. ಎರಡೆರಡು ಯಾಕೆ ಎಂದು ಇಲ್ಲಿನದನ್ನು ತೆಗೆದೆ. ಬೇಕಾದದ್ದನ್ನು ಅದರೊಳಗೇ ಡೌನ್‌ಲೋಡ್ ಮಾಡಿಟ್ಟುಕೊಂಡೆ. ನಮ್ಮ ಕಡೆಯ ಡೌನ್‌ಲೋಡ್ ಎಂದೇ ತಿಳಿದು.

ರಮ್ಯಾಳ ಸೀಮಂತ ಬಂಗಾರಪೇಟೆಯಲ್ಲಾಯಿತು. ನಾನು ಯಾವ ಹಾಡಿನ ಹಿಂದೆ ಯಾವ ಹಾಡು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ. ಹೋಗಿ ನೋಡಿದರೆ ಹೂವಿನ ತಟ್ಟೆಯ ಪಕ್ಕದಲ್ಲಿ ಒಂದು ಕರೀ ಸ್ಪೀಕರು, ಚೊಂಬಿನಷ್ಟು, ಆಗಲೇ ಹಾಡುತ್ತಿತ್ತು. ಆರತಿಯ ಹೊತ್ತಿಗೆ ಹೆಂಗಸರು ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡೆ. ಪದ್ಮ ಸೆರಗು ಸಿಕ್ಕಿಸುತ್ತಾ, ಪ್ರೀತಿಯಿಂದಲೇ ಅಂದಳು:

‘ಅಕ್ಕುಂಗ್ಯಾಕೆ ತೊಂದ್ರೆ, ಪಾಪ ರೈಲಲ್ಲಿ ಬಂದೌಳೆ. ಪೋನ್ಗೆ ಏಳಿದ್ರೆ ಅದೇ ಆಡ್ತದೆ. ಅಕ್ಕುನ್ನೂ ನಮ್ ಪ್ಯಾಮಿಲೀಗೆ ಸೇರಿಸ್ಕಂಡಿದೀವಿ ಈಗ.’

ಹೆಂಗಸರು ನಕ್ಕರು. ಸೇರಿಸಿಕೊಂಡಿದ್ದಾರಂತೆ. ಅವಳು ಹೊಸ್ತಿಲಲ್ಲಿ ನಿಂತಾಗ ಅವಳಿಗೆ ಸೇರಕ್ಕಿ ಒದೆಯುವುದು ಹೇಗೆಂದು ತೋರಿಸಿದವಳು ನಾನು. ನಾನೂ ನಕ್ಕೆ. ಊಟದಲ್ಲಿ ಒಬ್ಬಟ್ಟು ಎರಡನೆಯದು ಹಾಕಿಸಿಕೊಳ್ಳಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಮನೆಗೆ ಬಂದವಳೇ ಸೀರೆಯನ್ನೂ ಬದಲಿಸದೆ ಫೋನು ತೆಗೆದೆ. ‘ನೀವು ಈ ಕುಟುಂಬವನ್ನು ತೊರೆಯಲು ಬಯಸುವಿರಾ?’ ಎಂದು ಕೇಳಿತು. ಎಂಥ ಸ್ಪಷ್ಟವಾದ ಕನ್ನಡ. ಇಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ಹೌದು ಎಂದು ಒತ್ತಿದೆ. ಆ ರಾತ್ರಿ ಬಹಳ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಎದ್ದು ನೋಡಿದರೆ ಹಾಡುಗಳ ಹೆಸರೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಒತ್ತಿದರೆ ಉಸಿರಿಲ್ಲ. ಡೌನ್‌ಲೋಡ್ ಮಾಡಿದ್ದು, ನನ್ನ ಫೋನಿನಲ್ಲೇ ಇರುವುದು, ನನ್ನದೇ ಜಾಗ ತಿನ್ನುತ್ತಿರುವುದು, ಆದರೂ ನನಗಿಲ್ಲ. ಬಾಡಿಗೆಯ ಶಾಮಿಯಾನ ಬಿಚ್ಚಿದ ಮೇಲೆ ಗೂಟದ ಗುಂಡಿ ಮಾತ್ರ ಉಳಿಯುತ್ತದಲ್ಲ, ಹಾಗೆ. ಇರಲಿ, ಅವರ ಹಾಡು ಅವರಿಗೆ ಎಂದುಕೊಂಡು ಅತ್ತೆಯ ಹಾಡು ಹುಡುಕಿದೆ. ಅದರ ಹೆಸರೂ ಇರಲಿಲ್ಲ. ಬೂದಿಯೂ ಇಲ್ಲ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಬೆರಳು ಸವೆಯುವಷ್ಟು ಎಳೆದೆ. ಇಲ್ಲ. ಕ್ಯಾಸೆಟ್ಟು ಬೂಷ್ಟಿಗೆ ಹೋಗಿತ್ತು, ಕಾರ್ಡು ಎಕ್ಸ್‌ಚೇಂಜಿಗೆ ಹೋಗಿತ್ತು, ಫೋನಿನಲ್ಲಿದ್ದದ್ದನ್ನು ಅಚ್ಚುಕಟ್ಟಿಗಾಗಿ ನಾನೇ ತೆಗೆದಿದ್ದೆ. ಪದ್ಮನ ಮೇಲಿನ ಸಿಟ್ಟಿಗೆ ಅತ್ತೆಯನ್ನು ಬಾಗಿಲಾಚೆ ಹಾಕಿದ ಹಾಗಾಗಿತ್ತು.

ಯಜಮಾನರಿಗೆ ಹೇಗೆ ಹೇಳುವುದು? ತೀರಿಕೊಂಡ ಅವರ ತಾಯಿಯ ದನಿ. ಸಂಜೆ ಅವರು ಚಹಾ ಕುಡಿಯುವಾಗ, ಅತ್ತೆಯ ಹಾಡು ಯಾಕೋ ಕಾಣುತ್ತಿಲ್ಲ ಎಂದೆ, ಆದಷ್ಟು ಸಣ್ಣ ದನಿಯಲ್ಲಿ. ಅವರು ಪೇಪರಿನಿಂದ ತಲೆ ಎತ್ತದೆ, ಎಲ್ಲೋಗ್ತದೆ, ಇ‌ಲ್ಲೇ ಎಲ್ಲೋ ಇರ್ತದೆ ನೋಡು ಅಂದರು. ಅವರ ಕನ್ನಡಕದ ಬಗ್ಗೆಯೂ ಹಾಗೆಯೇ ಅನ್ನುತ್ತಾರೆ. ಅದು ಸಾಮಾನ್ಯವಾಗಿ ತಲೆಯ ಮೇಲಿರುತ್ತದೆ.

ಸ್ವಂತಕ್ಕೇ ಒಂದು ಪ್ಲಾನ್ ತೆಗೆದುಕೊಂಡು, ಯಾರಿಗೂ ತಿಳಿಯದ ಹಾಗೆ ಎಲ್ಲವನ್ನೂ ಸರಿಮಾಡಿಬಿಡೋಣ ಎಂದು ನೋಡಿದೆ. ತಿಂಗಳು ತಿಂಗಳೂ ಬ್ಯಾಂಕಿನಿಂದ ತಾನೇ ಎಳೆದುಕೊಳ್ಳಲು ಒಪ್ಪಿಗೆ ಕೊಡಿ ಎಂದಿತು. ನಮ್ಮ ಮನೆಯ ಬ್ಯಾಂಕು ಯಜಮಾನರ ಫೋನಿನಲ್ಲಿದೆ. ಅವರು ಯಾಕೆ ಎನ್ನುತ್ತಾರೆ, ಪದ್ಮಂದು ಇದೆಯಲ್ಲ ಎನ್ನುತ್ತಾರೆ, ಆಗ ಎಲ್ಲವೂ ಹೊರಗೆ ಬರುತ್ತದೆ. ಬಿಟ್ಟೆ. ಬೆಳಗಿನ ಅಡುಗೆಯನ್ನು ಹಾಡಿಲ್ಲದೆ ಮಾಡುವುದು ರೂಢಿ ಮಾಡಿಕೊಂಡೆ. ಆಗ ಗೊತ್ತಾಯಿತು, ನಮ್ಮ ಕುಕ್ಕರು ಎಷ್ಟು ಬೇಸುರಾಗಿ ಕೂಗುತ್ತದೆಂದು.

ಅಷ್ಟರಲ್ಲಿ ರಮ್ಯಾಗೆ ಹೆಣ್ಣು ಮಗುವಾಯಿತು. ನಾಮಕರಣಕ್ಕೆ ಕರೆಯಲು ಪದ್ಮ ಫೋನು ಮಾಡಿದಳು. ಮಗು ಯಾರ ಹಾಗಿದೆ, ಬಾಣಂತಿಗೆ ಏನು ಕೊಡುತ್ತಿದ್ದಾಳೆ, ಎಲ್ಲ ಹೇಳಿದ ಮೇಲೆ, ‘ಅಕ್ಕಾ, ಅತ್ತೆ ಪದ ತತ್ತೀಯಲ್ಲ? ಅದಿಲ್ದಿದ್ರೆ ತೊಟ್ಲು ತೂಗಾಕಾಯ್ತದಾ’ ಎಂದಳು. ಲೋಕದ ಹಾಡೆಲ್ಲ ಇರುವ ಸ್ಪೀಕರಿನವಳು ಕೊನೆಗೆ ನನ್ನ ಹತ್ತಿರ ಕೇಳಿದಳು. ಎಷ್ಟು ವರ್ಷದಿಂದ ಕಾದಿದ್ದ ಮಾತು. ತರುತ್ತೇನೆ ಬಿಡು ಎಂದೆ.

ನಾಮಕರಣಕ್ಕೆ ಇನ್ನೂ ದಿನವಿರುವಾಗಲೇ, ಬಾಣಂತಿಗೆ ಅಂಟಿನುಂಡೆ ಕೊಟ್ಟುಬರುವ ನೆಪದಲ್ಲಿ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಕೋರಮಂಡಲ್ ದಾಟಿ, ಗಣಿಯ ಮಣ್ಣಿನ ಸೈನೈಡ್ ದಿಬ್ಬಗಳು ಹಿಂದೆ ಸರಿಯುವವರೆಗೂ ಹೇಗೆ ಹೇಳುವುದೆಂದು ಜೋಡಿಸಿಕೊಂಡೆ. ಫೋನು ಕೆಟ್ಟುಹೋಯಿತು ಎನ್ನಲೇ? ತಾನಾಗಿಯೇ ಹೊರಗೆ ಬಂದುಬಿಟ್ಟಿತು ಎನ್ನಲೇ? ಬಂಗಾರಪೇಟೆಯಲ್ಲಿ ಇಳಿದಾಗ ಪಾನಿಪುರಿ ಗಾಡಿಯವನು ಕರೆದ. ನಮ್ಮವರು ಜೊತೆಗಿದ್ದರೆ ಅಲ್ಲಿಂದ ಕದಲುತ್ತಿರಲಿಲ್ಲ. ನಾನು ನಿಲ್ಲಲಿಲ್ಲ, ಅಂಥ ಸ್ಥಿತಿಯಲ್ಲಿದ್ದೆ.

ಪದ್ಮ ಅಡುಗೆಮನೆಯಲ್ಲಿ ಬಾಣಂತಿಯ ಸಾರಿಗೆ ಮೆಣಸು ಕುಟ್ಟುತ್ತಿದ್ದಳು. ಜೋಡಿಸಿಕೊಂಡು ಹೋದ ಮಾತು ಒಂದೂ ಬಾಯಿಗೆ ಬರಲಿಲ್ಲ. ನಿನ್ನ ಫ್ಯಾಮಿಲಿ ಪ್ಲಾನ್ ಬಿಟ್ಟುಬಿಟ್ಟೆ ಪದ್ಮ, ಅದರ ಜೊತೆಗೇ ಅತ್ತೆಯ ಹಾಡೂ ಹೋಯಿತು ಎಂದೆ.

ಪದ್ಮ ಕುಟ್ಟುವುದು ನಿಲ್ಲಿಸಿದಳು. ‘ಯಾವಾಗ್ ಬಿಟ್ಟೆ? ನಂಗೆ ಗೊತ್ತೇ ಇಲ್ವಲ್ಲಕ್ಕ.’

ಸೀಮಂತದ ದಿನವೇ ಎಂದೆ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕೋಪ ಮಾಡಿಕೊಂಡು ಮನೆಬಿಟ್ಟು ಹೋದವಳನ್ನು ಮನೆಯವರು ಗಮನಿಸಿಯೇ ಇಲ್ಲವೆಂದರೆ ಹೇಗಿರುತ್ತದೆ? ಇಷ್ಟು ದಿನ ಅವಳು ನೊಂದುಕೊಂಡಿರುತ್ತಾಳೆಂದು ನಾನು ಇಲ್ಲಿ ಸ್ವಲ್ಪ ಸಂತೋಷಪಟ್ಟುಕೊಂಡಿದ್ದೆ. ಅದೂ ದಂಡವಾಯಿತು.

ರಮ್ಯಾ ಒಳಗಿನ ಕೋಣೆಯಿಂದಲೇ ಎಲ್ಲ ಕೇಳಿಸಿಕೊಂಡು, ಮಗುವನ್ನು ಒಂದು ಕೈಯಲ್ಲಿ ಹಿಡಿದು ಬಂದು ಕೂತಳು. ಬಿಟ್ಟು ತುಂಬಾ ದಿನವಾಗಿದ್ದರೆ ಅವರು ಅಳಿಸಿಬಿಟ್ಟಿರಬಹುದು ದೊಡ್ಡಮ್ಮ, ನೋಡೋಣ ಎಂದಳು. ಪದ್ಮನ ಫೋನಿನಿಂದ ನನಗೆ ಕರೆ ಕಳಿಸಿದಳು. ಕುಟುಂಬಕ್ಕೆ ಸೇರಲು ನಿಮ್ಮನ್ನು ಪದ್ಮ ಆಹ್ವಾನಿಸಿದ್ದಾರೆ ಎಂದು ನನ್ನ ಫೋನಿನಲ್ಲಿ ಬಂತು. ಒಪ್ಪಿದೆ. ಒಂದು ಬಿಲ್ಲೆ ಗಿರಗಿರನೆ ತಿರುಗುತ್ತಾ ಇತ್ತು. ಮೂವರೂ ಫೋನನ್ನು ನೋಡುತ್ತಾ ಕೂತೆವು, ಮಗುವನ್ನು ಬಿಟ್ಟು. ಬೂದಿ ಬಣ್ಣದ ಹೆಸರುಗಳು ಒಂದೊಂದಾಗಿ ಕಪ್ಪಾದವು. ಭಕ್ತಿ ಬಂತು, ಹಳೆಯವು ಬಂದವು, ಮಿಕ್ಸು ಬಂತು. ಅತ್ತೆ ಬರಲಿಲ್ಲ. ಪದ್ಮ ನನಗೆ ನೀರು ತಂದುಕೊಟ್ಟಳು. ಲೋಟ ಇನ್ನೂ ಕೈಯಲ್ಲಿರುವಾಗ, ಎಲ್ಲಕ್ಕಿಂತ ಕೆಳಗೆ, ಚಿತ್ರವಿಲ್ಲದ ಒಂದು ಖಾಲಿ ಚೌಕದ ಪಕ್ಕದಲ್ಲಿ, ‘ಅತ್ತೆ’ ಎಂದು ಮೂಡಿತು.

ನಾನು ಅತ್ತೆನೇನೋ. ನೆನಪಿಲ್ಲ. ಪದ್ಮ ಸೆರಗಿನಿಂದ ಮೂಗು ಒರೆಸಿಕೊಂಡದ್ದು ನೆನಪಿದೆ, ಮೆಣಸಿನ ಘಾಟಿಗೆ ಎಂದಳು. ಆಮೇಲೆ ಕುಟ್ಟಾಣಿಯನ್ನು ನೋಡುತ್ತಾ ಹೇಳಿದಳು:

‘ಅಕ್ಕಾ, ಇದ್ನ ನಂಗೂ ಒಂದ್ ಆಕ್ಕೊಡು. ನಮ್ಮನೇಗ್ ಬಂದ್ಮೇಲೆ ಅತ್ತೆ ಒಂದ್ ದಿನಾನೂ ಪದ ಏಳ್ಳಿಲ್ಲ ಕಣಕ್ಕ. ರಮ್ಯಾನ ತೊಟ್ಲಿಗಾಕ್ದಾಗ ಎದ್ರುಗೇ ಕೂತಿದ್ರು, ಬಾಯೇ ಬಿಡ್ಲಿಲ್ಲ. ನಿನ್ ಟೇಪೇ ಆಡ್ತು. ನಿನ್ ಮಗುಂಗೆ ಆಡಿದ್ರು, ನನ್ ಮಗಿಗೆ ಆಡ್ಲಿಲ್ಲ ಅಂತ ನಂಗೆ ಎಷ್ಟ್ ದಿನ ಒಟ್ಟೆ ಉರೀತು ಗೊತ್ತಾ.’

ನನಗೆ ಗೊತ್ತಿರಲಿಲ್ಲ. ರಮ್ಯಾಳ ನಾಮಕರಣದ ದಿನ ನಾನು ಟೇಪಿನ ಸದ್ದು ಸಾಲದೆಂದು ತಿರುಗಣೆ ತಿರುಗಿಸುವುದರಲ್ಲೇ ಇದ್ದೆ. ಮಾವ ಹೋದ ಮೇಲೆ ಅತ್ತೆ ಹಾಡುವುದನ್ನು ಬಿಟ್ಟಿದ್ದರೆಂಬುದು ಪದ್ಮನ ಮನೆಯೊಳಗಿನ ಸಂಗತಿ, ನನ್ನವರೆಗೆ ಬಂದಿರಲಿಲ್ಲ. ಇಷ್ಟು ವರ್ಷ ಪಾಲಿನಲ್ಲಿ ದೊಡ್ಡದು ಅವಳಿಗೆ ಹೋಯಿತೆಂದು ನಾನು, ನನಗೆ ಬಂತೆಂದು ಅವಳು. ಆಗಲಿ, ಕೊಡುತ್ತೇನೆ ಎಂದೆ. ಅಷ್ಟು ಸುಲಭವಾಗಿ ಬಾಯಿಗೆ ಬಂದದ್ದು ನನಗೇ ಆಶ್ಚರ್ಯ.

ಕೊಡಲು ಹೋದರೆ ಅದು ಬಿಡಲಿಲ್ಲ. ಒಳಗಿಂದ ಹಾಡನ್ನು ಕೇಳಬಹುದಂತೆ, ಹೊರಗೆ ಇನ್ನೊಬ್ಬರಿಗೆ ಕಳಿಸಲು ಅದರಲ್ಲಿ ದಾರಿಯೇ ಸಿಗಲಿಲ್ಲ. ನನ್ನ ಅತ್ತೆ, ನನ್ನ ಟೇಪು, ಆದರೂ. ನಾನು ಒಡವೆಯ ಹಾಗೆ ಕಾಯುತ್ತಿದ್ದೆನಲ್ಲ, ನನಗಿಂತ ಗಟ್ಟಿ ಕಾವಲುಗಾರರು ಸಿಕ್ಕಿದ್ದರು. ರಮ್ಯಾ ಯೋಚಿಸಿ, ಎರಡೂ ಫೋನನ್ನು ಎದುರುಬದುರು ಇಡಿ, ಇದು ಹಾಡಲಿ, ಅದು ರೆಕಾರ್ಡು ಮಾಡಿಕೊಳ್ಳಲಿ, ಆದರೆ ಮಧ್ಯೆ ಯಾರೂ ಉಸಿರೆತ್ತಬಾರದು ಎಂದಳು.

ಪದ್ಮ ಹಿಂಬಾಗಿಲಿನಿಂದ ಕೂಗಿ ಗಿರಣಿ ನಿಲ್ಲಿಸಿದಳು. ರಾಗಿ ಡಬ್ಬ ಹಿಡಿದು ನಿಂತವರು ಯಾಕಮ್ಮಾ ಎಂದದ್ದಕ್ಕೆ ಅತ್ತೆ ಹಾಡ್ತಾವ್ರೆ, ತಡೀರಿ ಎಂದಳಂತೆ. ಅತ್ತೆ ತೀರಿಕೊಂಡದ್ದು ಬೀದಿಗೆಲ್ಲ ಗೊತ್ತು, ಅವರು ಏನೆಂದುಕೊಂಡರೋ. ರಮ್ಯಾ ಮಗುವನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಿಟ್ಟಿನ ಡಬ್ಬದ ಮೇಲೆ ಎರಡು ಫೋನು ಮುಖಕ್ಕೆ ಮುಖ ಕೊಟ್ಟು ಕೂತವು, ಅದರ ಆಚೆ ಪದ್ಮ, ಈಚೆ ನಾನು.

ಅತ್ತೆ ಶುರು ಮಾಡಿದರು. ಗಿರಣಿಯ ಸದ್ದಿಲ್ಲದ ಆ ಮನೆಯಲ್ಲಿ ಅವರ ದನಿ ಅಕ್ಕಿ ಡಬ್ಬದ ಹತ್ತಿರ ಕೇಳುತ್ತಿದ್ದ ಹಾಗೆಯೇ ಕೇಳಿತು. ಪದ್ಮ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಮೊದಲೋ ನಿಮ್ಮಪ್ಪ ಮೊದಲೋ ಬಂತು. ಸಂಗು ಕೂಗಿತು, ನಿಂತಿತು. ನಾಯಿ ಊಳಿಟ್ಟಿತು. ನಾನು ಸೌಟು ಹಿಡಿದವಳ ಹಾಗೆ ಅಲುಗಾಡದೆ ನಿಂತೆ. ಪದ್ಮ ಲೈನಿನಲ್ಲಿ ಹೆಚ್ಚು ದಿನ ಬಾಳಿದವಳಲ್ಲ. ಅವಳಿಗೆ ಆ ಮೌನ ಬರೀ ಬಿಡುವು. ಕಣ್ಣು ಬಿಟ್ಟು, ಒಲೆಯ ಕಡೆ ತಿರುಗಿ, ಮನೆಗೆ ಬಂದವಳಿಗೆ ಇನ್ನೂ ಏನೂ ಕೊಟ್ಟಿಲ್ಲವೆಂಬುದು ಆಗ ಹೊಳೆದು, ಮೆಲ್ಲಗೆ ಕೇಳಿದಳು:

‘ಅಕ್ಕಾ, ಕಾಪಿ ಇಡ್ಲಾ?’

‘ಶ್‌, ಸುಮ್ನಿರೇ’ ಎಂದೆ ನಾನು. ಸಕ್ಕರೆ ಕಮ್ಮಿ ಎಂದೂ ಹೇಳಿಬಿಟ್ಟೆ, ಅಭ್ಯಾಸ. ಆಗ ಅತ್ತೆ ಮುಂದಿನ ಸಾಲು ಎತ್ತಿಕೊಂಡರು.

ಮುಗಿದ ಮೇಲೆ ಪದ್ಮನ ಫೋನಿನಲ್ಲಿ ಹಾಕಿ ಕೇಳಿದೆವು. ಸಂಗು ಕೂಗುತ್ತದೆ, ಅತ್ತೆ ನಿಲ್ಲಿಸುತ್ತಾರೆ. ಕಾಫಿ ಇಡಲಾ ಎಂದು ಕಿರಿಯ ಸೊಸೆ ಕೇಳುತ್ತಾಳೆ. ಹಿರಿಯ ಸೊಸೆ ಗದರುತ್ತಾಳೆ, ಸಕ್ಕರೆಯ ಮಾತಾಡುತ್ತಾಳೆ. ಇವರಿಬ್ಬರದೂ ಮುಗಿಯಲಿ ಎಂದು ಕಾದವರಂತೆ ಅತ್ತೆ ಆಮೇಲೆ ಹಾಡು ಮುಂದುವರಿಸುತ್ತಾರೆ. ಮೂವರು ಹೆಂಗಸರು ಒಂದೇ ಅಡುಗೆಮನೆಯಲ್ಲಿರುವ ಹಾಗೆ. ನಾವು ಮೂವರೂ ಹಾಗೆ ಒಟ್ಟಿಗಿದ್ದದ್ದು ಬಹಳ ಕಡಿಮೆ.

ರಮ್ಯಾ ಬಾಗಿಲು ತೆರೆದು, ಅಯ್ಯೋ ಅಮ್ಮಾ, ಕೆಡಿಸಿದ್ಯಲ್ಲ, ಇನ್ನೊಂದ್ ಸಲ ಮಾಡೋಣ ಎಂದಳು. ‘ಬ್ಯಾಡ, ಇಂಗೇ ಇರ್ಲಿ’ ಎಂದು ಪದ್ಮ ಫೋನನ್ನು ಕುಪ್ಪಸದೊಳಗೆ ಇಟ್ಟುಕೊಂಡಳು.

ನಾಮಕರಣದ ದಿನ ತೊಟ್ಟಿಲಿಗೆ ಹಾಡಿದ್ದು ಅವಳ ಫೋನೇ. ಸ್ಪೀಕರಿಗೆ ಅದನ್ನೇ ಜೋಡಿಸಿದ್ದರು. ಸಂಗಿನ ಹತ್ತಿರ ಎಲ್ಲರೂ ಬಾಯಿ ಮುಚ್ಚಿ ನಿಂತರು; ಕಾಫಿ ಇಡಲಾ ಎಂದು ಕೇಳಿದಾಗ ಮುಚ್ಚಿದ ಬಾಯಿಗಳೆಲ್ಲ ಬಿಚ್ಚಿಕೊಂಡವು. ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಾಡು ಮುಗಿದ ಮೇಲೆ ಹೆಂಗಸರು ಪದ್ಮನ ಕಡೆ ತಿರುಗಿದರು, ಇನ್ನೊಂದು ಸಲ ಹಾಕೇ ಎಂದರು.

ನನ್ನ ಫೋನಿನಲ್ಲಿರುವುದು ಹಳೆಯದೇ, ಅಪ್ಪಟವಾದದ್ದು, ಅತ್ತೆಯದು ಮಾತ್ರ. ಅದಕ್ಕೆ ಯಾವ ಕುಂದೂ ಇಲ್ಲ. ಆದರೆ ಬೆಳಿಗ್ಗೆ ಹಾಕಿಕೊಂಡರೆ ಸಂಗಿನ ಹತ್ತಿರ ಬಂದಾಗ ಖಾಲಿ ಅನ್ನಿಸುತ್ತದೆ. ನಾಮಕರಣ ಮುಗಿಸಿ ಹೊರಡುವಾಗಲೇ ಪದ್ಮನಿಗೆ ಹೇಳಿದ್ದೆ, ನಿನ್ನದನ್ನು ನನಗೊಂದು ಕಳಿಸೇ ಎಂದು. ಅವಳದು ಬಿಡಿಯಾಗಿರುವ ರೆಕಾರ್ಡು, ಯಾರ ಕಾವಲೂ ಇಲ್ಲ, ಒಂದು ಬೆರಳಿನ ಕೆಲಸ. ‘ಕಳಿಸ್ತೀನಿ ಬಿಡಕ್ಕ’ ಎಂದಳು.

ಫೋನು ಟಣ್ ಎಂದಾಗೆಲ್ಲ ಹಿಟ್ಟಿನ ಕೈ ಒರೆಸಿಕೊಂಡು ಹೋಗಿ ನೋಡುತ್ತೇನೆ. ಮಗು ಮಗುಚಿಕೊಂಡ ಫೋಟೋ ಬಂತು, ಗಿರಣಿಗೆ ಬಣ್ಣ ಹೊಡೆಸಿದ ಫೋಟೋ ಬಂತು. ಅದು ಬಂದಿಲ್ಲ. ಬರುವುದೂ ಇಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಕಳಿಸುತ್ತಿರಲಿಲ್ಲ.